ಕಾಗೆ ಪಾಲು

ತಕ್ಕಡಿಯ ಮುಳ್ಳು ಹೋದ ತಿಂಗಳು ನಿಂತಿದ್ದಲ್ಲೇ ಈ ತಿಂಗಳೂ ನಿಂತಿತು. ಲೊಕ್ಕನಹಳ್ಳಿ ಅಂಗನವಾಡಿಯ ಟೀಚರ್ ಬಸವಮ್ಮ ಹತ್ತು ತಿಂಗಳ ದೀಪಳನ್ನು ಜೋಲಿಯಿಂದ ಇಳಿಸಿ ಅವಳಮ್ಮ ಕೋಮಲಳ ಮುಖ ನೋಡಿದಳು. ಮೊಳಕೆ ರಾಗಿ, ಹೆಸರುಕಾಳು, ಕಡಲೆಬೀಜ ಹುರಿದು ಬೀಸಿಸಿ, ಮಹಿಳಾ ಸಂಘದ ಹೆಸರಲ್ಲಿ ಊರ ಕೂಸುಗಳಿಗೆಲ್ಲ ಸರಿಹಿಟ್ಟು ಮಾಡಿಕೊಡುವವಳೇ ಕೋಮಲ. ಊರ ಕೂಸುಗಳೆಲ್ಲ ಗುಂಡುಗುಂಡಾಗಿವೆ, ಅವಳದ್ದು ಮಾತ್ರ ಹಂಚಿಕಡ್ಡಿ.

"ನನ್ ಮಗೀಗೇ ಮೈಗತ್ತದ ಸರಿಇಟ್ಟ ಇನ್ಯಾರು ತಕಂಡಾರು ಅಕ್ಕ?" ಕೋಮಲಳ ಕಣ್ಣು ತುಂಬಿತು.

ಪಕ್ಕದಲ್ಲಿದ್ದ ಗಂಡ ಶಾಂತರಾಜು ಹೊಟ್ಟೆಯ ಮೇಲೆ ಅಂಗಿ ಎಳೆದುಕೊಂಡು ಮುಂದೆ ಬಂದ. ಆ ಹೊಟ್ಟೆಯೂ ಈಚೆಗೆ ಸಣ್ಣದೇನಲ್ಲ. ಹೆಂಡತಿ ಸಂಘಕ್ಕೆ ಹೋದಾಗ ಮಗಳಿಗೆ ಉಣ್ಣಿಸುವವನು ಅವನೇ. ಇಂಥ ಗಂಡಸು ಈ ಊರಲ್ಲಿ ತಾನೊಬ್ಬನೇ ಎಂದು ಟೀ ಅಂಗಡಿಯಲ್ಲಿ ಬಡಾಯಿ ಬೇರೆ ಕೊಚ್ಚಿದ್ದ.

"ಇಟ್ಗೇನೂ ಆಗಿಲ್ಲ ಕಣಮ್ಮಿ. ಇಲ್ಲೇ ತಿನ್ಸಿ ತೋರುಸ್ತೀನಿ, ತತ್ತಾ" ಎಂದ ಶಾಂತರಾಜು. ಬಸವಮ್ಮ ಕಾಯಿಸಿಟ್ಟಿದ್ದ ಸರಿಯ ಬಟ್ಟಲು ಇಸಿದುಕೊಂಡು, ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡ.

"ಇದು ದೀಪಂದು." ಒಂದು ಚಮಚ ಮಗಳ ಬಾಯಿಗೆ. "ಇದು ಕಾಗೇದು." ಅವನ ಬಾಯಿಗೆ. "ಇದು ಗುಬ್ಬೀದು." ಅದೂ ಅವನ ಬಾಯಿಗೇ. "ಇದು ಅಜ್ಜೀದು..."

"ಅದ್ಯಾಕಪ್ಪ, ನೀನ್ ತಿಂತಿದ್ದೀಯೆ?" ಬಸವಮ್ಮ ತಡೆದಳು.

"ಕಾಗೆ ಪಾಲ ಮಗೀಗೆ ತಿನ್ಸಾಕಾದದಾ ಅಕ್ಕ? ನಮ್ಮವ್ವನೂ ನಂಗುಣ್ಸುವಾಗ ಇಂಗೇ ಏಳ್ತಿದ್ಲು."

"ಏಳ್ತಿದ್ಲು ಸರಿ! ಕಾಗೆ ಎಸ್ರೇಳಿ ಮಗೀ ಬಾಯ್ಗಲ್ವಾ ಇಡಾದು!" ಕೋಮಲ ಅಳುತ್ತಿದ್ದವಳು ಚೀರಿಯೇಬಿಟ್ಟಳು.

ಕೂಸುಗಳನ್ನು ತೂಕಕ್ಕೆ ತಂದು ಕೂತಿದ್ದ ತಾಯಂದಿರೆಲ್ಲ ಬಿದ್ದು ಬಿದ್ದು ನಕ್ಕರು. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದುಕೊಂಡ ಶಾಂತರಾಜು. ಕಾಗೆ, ಗುಬ್ಬಿ, ಅಜ್ಜಿ, ಸೋದರಮಾವ, ಬೇಜಾರಾದ ದಿನ ಬೀದಿನಾಯಿ, ಇಷ್ಟೂ ಜನರ ಪಾಲನ್ನು ಒಬ್ಬನೇ ನುಂಗಿದ್ದ. ಕದ್ದು ತಿಂದಿದ್ದರೂ ಒಂದು ಮರ್ಯಾದೆ ಇರುತ್ತಿತ್ತು, ಇದು ಶುದ್ಧ ದಡ್ಡತನ. ಮಗಳ ಕಡ್ಡಿಯಂಥ ತೋಳು ನೋಡಿದಾಗ ಮಾತ್ರ ಅವನಿಗೆ ನಗಲಿಕ್ಕೂ ಆಗಲಿಲ್ಲ, ಅಳಲಿಕ್ಕೂ ಆಗಲಿಲ್ಲ.

ಚಮಚದ ತುಂಬ ಸರಿ ತೆಗೆದು, "ಇದು ಕಾಗೇದು ಕಣವ್ವ, ತಿನ್ನು" ಎಂದು ಮಗಳ ಬಾಯಿಗೆ ಹಿಡಿದ.

ದೀಪ ತುಟಿ ಬಿಗಿದಳು. ಕಾಗೆ ಎಂದರೆ ಅದು ತನ್ನದಲ್ಲ ಎಂದು ಅವಳಿಗೆ ಗೊತ್ತು. ಎರಡೂ ಕೈಯಿಂದ ಚಮಚ ಹಿಡಿದು ಅಪ್ಪನ ಬಾಯಿಯತ್ತ ತಳ್ಳಿದಳು.

ಹಾಳು ಬಾಯಿ, ತಾನಾಗಿಯೇ ತೆರೆಯಿತು.