ಎರಡನೆಯ ಕಾಗದ

ಪದ್ಮರಾಜ ಬರೆದ ಕಾಗದ ಓದಿದರೆ ಎಂಥ ಜಿಪುಣನ ಕೈಯೂ ಜೇಬಿಗೆ ಹೋಗುತ್ತಿತ್ತು. ಮಕ್ಕಳ ಹೃದಯದ ಆಪರೇಷನ್ನಿಗೆ ದೇಣಿಗೆ ಎತ್ತುವ ಸಂಸ್ಥೆಯಲ್ಲಿ ಹದಿನೆಂಟು ವರ್ಷದಿಂದ ಅವನದು ಅದೇ ಕಸುಬು. ಪ್ರತಿ ಮಗುವಿಗೂ ಎರಡು ಬಗೆಯ ಕಾಗದ ಬರೆದು, ಒಂದೊಂದನ್ನೂ ಸಾವಿರ ಮನೆಗೆ ಕಳಿಸಿ ನೋಡುತ್ತಿದ್ದ. ಹೆಚ್ಚು ದುಡ್ಡು ತಂದದ್ದು ಉಳಿದ ಐವತ್ತು ಸಾವಿರ ಮನೆಗೆ ಹೋಗುತ್ತಿತ್ತು.

ಈ ಸಲದ ಮಗು ಏಳು ವರ್ಷದ ಶಿವಲೀಲಾ. ‘ಇವಳನ್ನು ಉಳಿಸಿ’ ಎಂಬ ಮೊದಲ ಕಾಗದಕ್ಕೆ ಜನ ಅಷ್ಟಾಗಿ ಕರಗಲಿಲ್ಲ. ‘ನೆರವು ತಡವಾಯಿತು, ಶಿವಲೀಲಾ ಹೋಗಿಬಿಟ್ಟಳು. ಇನ್ನೊಂದು ಮಗು ಹೀಗೆ ಹೋಗದಿರಲಿ’ ಎಂಬ ಎರಡನೆಯದು ಮೂರು ಪಟ್ಟು ತಂದಿತು. ಅಂದು ಬೆಳಿಗ್ಗೆಯೇ ಐವತ್ತು ಸಾವಿರವೂ ಅಂಚೆಗೆ ಬಿದ್ದಿದ್ದವು.

ಮಧ್ಯಾಹ್ನ ಶಿವಲೀಲಾಳ ಅಪ್ಪ ಮಗಳ ಕೈ ಹಿಡಿದು ಬಾಗಿಲಲ್ಲಿ ಬಂದು ನಿಂತ.

“ಸರ್ರ, ತಾರೀಖು ಸಿಕ್ಕಿತೇನ್ರೀ? ನಾಕು ಮೆಟ್ಲ ಹತ್ತೂದ್ರಾಗ ಆಕಿ ತುಟಿ ನೀಲಿ ಆಗ್ತಾವ್ರೀ.”

“ಇವತ್ತು ಫೋನ್ ಬರುತ್ತೆ. ಹೊರಗೆ ಕೂತಿರಿ.”

ಫೋನ್ ಬಂತು. ಆಸ್ಪತ್ರೆಯಾಕೆಯ ದನಿಯಲ್ಲಿ ಖುಷಿಯಿತ್ತು. “ಸರ್, ಶಿವಲೀಲಾಗೆ ಗುರುವಾರ ಆಪರೇಷನ್. ಡಾಕ್ಟರು ಫೀಸೂ ಬೇಡ ಅಂದಿದಾರೆ. ಕರ್ಕೊಂಡು ಬರ್ತೀರಲ್ಲ?”

ಗಾಜಿನಾಚೆ ಬೆಂಚಿನ ಮೇಲೆ ಕೂತ ಹುಡುಗಿ ಬಿಸ್ಕತ್ತು ಕಚ್ಚುತ್ತ ಅವನತ್ತ ಕೈ ಬೀಸಿದಳು. ಅವನೂ ಕೈ ಬೀಸಿದ.

“ಆ ಮಗು ಹೋದ ವಾರವೇ ತೀರ್ಕೊಂಡ್ತಲ್ಲ, ಮೇಡಂ. ಗುರುವಾರ ಬೇರೆ ಯಾರಿಗಾದ್ರೂ ಕೊಟ್ಬಿಡಿ.”