ರೂತಳು ಮುಂದೆ ಬಂದ ಮನೆ

ನಮ್ಮೂರಲ್ಲಿ ಬೈಬಲಿನ ಪುಸ್ತಕಗಳು ರಾತ್ರಿ ಜಾಗ ಬದಲಿಸುತ್ತವೆ. ಯಾವ ಮನೆಗೆ ಯಾವುದು ಬೇಕೋ ಅದು ಮೊದಲ ಪುಸ್ತಕವಾದ ಆದಿಕಾಂಡಕ್ಕಿಂತಲೂ ಮುಂದೆ ಬಂದು ಕೂರುತ್ತದೆ. ಮನೆಪ್ರಾರ್ಥನೆಗೆ ಬಂದ ಪಾಸ್ಟರು ಮೊದಲ ಪುಟವನ್ನೇ ಓದುವುದು ವಾಡಿಕೆ.

ಸುವಾರ್ತಮ್ಮನ ಮನೆಯಲ್ಲಿ ವಾರದಿಂದ ರೂತಳ ಪುಸ್ತಕವೇ ಮುಂದಿತ್ತು. ಗಂಡ ಸತ್ತರೂ ಅತ್ತೆಯನ್ನು ಬಿಡದ ಸೊಸೆಯ ಕಥೆ ಅದು. ಇಲ್ಲಿ ವಿಧವೆ ಸೊಸೆ ಕೃಪಾವತಿಯನ್ನು ತವರಿಗೆ ಕಳಿಸಲು ಟ್ರಂಕು ಬಾಗಿಲಿಗೆ ಬಂದಿತ್ತು. ಹಾಗಾಗಿ ಸುವಾರ್ತಮ್ಮ ಪ್ರಾರ್ಥನೆಯ ಹಿಂದಿನ ಸಂಜೆಯೇ ಪಕ್ಕದ ಮನೆಯ ದೀನಮ್ಮನ ಬೈಬಲ್ ತಂದಿಟ್ಟುಕೊಂಡಿದ್ದಳು.

ಪಾಸ್ಟರು ತೆರೆದರು. ಅದರಲ್ಲೂ ರೂತಳೇ.

“ಇದರ ಮ್ಯಾಲೆ ದೀನಮ್ಮನ ಹೆಸರೈತಲ್ರೀ?”

“ರಾತ್ರಿ ಇಲ್ಲೇ ಇತ್ರಿ.” ಸುವಾರ್ತಮ್ಮ ತಲೆಯೆತ್ತಲಿಲ್ಲ. “ಮೆಲ್ಲಕ ಓದ್ರಿ. ಆಕಿ ಒಳಗದಾಳ.”

“ಆಕಿಗೂ ಕೇಳಿಸಬೇಕಲ್ಲವಾ.”

ಸುವಾರ್ತಮ್ಮ ಎದ್ದು ಟ್ರಂಕನ್ನು ಒಳಗೆಳೆದಳು. “ಕೃಪಾ, ಬಾರವ್ವಾ,” ಎಂದು ಕರೆದು, ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಳು.