ಬೇಡದ ಸೌಲಭ್ಯಗಳು

ಡಾರ್ದೊ ಸೋರೆಬುರುಡೆಗೆ ಚಹಾದಂಥ ಮಾಟೆ ಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಕೊಳವೆಗೆ ಇನ್ನೂ ಬಾಯಿ ಇಟ್ಟಿರಲಿಲ್ಲ. ಮೂಲೆಯ ಕಂಪ್ಯೂಟರ್ ಯಂತ್ರ ‘ಟಿಣ್’ ಎಂದಿತು. ಬಿಲ್ಡ್ ಮುಗಿದಿತ್ತು.

“ಏನು, ಕೆಟ್ಟು ನಿಂತಿತಾ?”

“ಇಲ್ಲ ಡಾರ್ದೊ, ಮುಗೀತು!” ನಿಬಿಯಾ ಎದೆಯುಬ್ಬಿಸಿ ಹೇಳಿದಳು. “ಅರ್ಧ ಗಂಟೆ ತಿಂತಿದ್ದದ್ದು ಈಗ ಅರ್ಧ ನಿಮಿಷ.”

ಮಾತು ಸುಳ್ಳಲ್ಲ. ಬಸ್ ಕಂಪನಿಯ ಟಿಕೆಟ್ ಜಾಲತಾಣಕ್ಕೆ ಅವರು ಬಳಸುತ್ತಿದ್ದ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟು, ಮೂಲತಃ ಚಿಕ್ಕದು. ಹೆಚ್ಚಿನ ಸೌಲಭ್ಯ ಬೇಕೆಂದರೆ ಅದರ ಹೆಸರನ್ನು ಒಂದು ಕಡತದಲ್ಲಿ ಬರೆಯಬೇಕು. ಬರೆದದ್ದನ್ನೆಲ್ಲ ಯಂತ್ರ ಪ್ರತಿ ಸಲವೂ ಮೊದಲಿಂದ ಕಟ್ಟುತ್ತದೆ; ಅದೇ ಬಿಲ್ಡ್. ಡಾರ್ದೊ ಮದುವೆಯೂಟಕ್ಕೆ ಕೂತವನ ಹಾಗೆ ಕಂಡದ್ದನ್ನೆಲ್ಲ ಬಡಿಸಿಕೊಂಡಿದ್ದ: ಚಾಟ್, ವಿಡಿಯೊ, ನಾಲ್ಕಾರು ಬಗೆಯ ಪುಟವಿನ್ಯಾಸ, ಅರಬ್ಬಿ ಲಿಪಿ. ಇರಲಿ ಬಿಡು, ಯಾವತ್ತಾದರೂ ಬೇಕಾದೀತು ಎಂಬುದು ಅವನ ವೇದಾಂತ. ಬೆಳಿಗ್ಗೆ ನಿಬಿಯಾ ಬೇಕಾದ ಮೂರನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಎಲೆಯಿಂದ ಎತ್ತಿಹಾಕಿದ್ದಳು. ಅವಳ ಮೂರು ತಿಂಗಳ ಪರೀಕ್ಷಾವಧಿ ಅಂದು, ಶುಕ್ರವಾರ ಸಂಜೆಗೆ, ಮುಗಿಯಬೇಕಿತ್ತು. ಆಮೇಲೆ ಮೊಂತೆವಿದೆಯೊದಲ್ಲಿ ನೆಲೆಯೋ, ಇಲ್ಲ ಸಾಲ್ತೋ ಊರಿನ ಬಿಸಿನೀರಿನ ಬುಗ್ಗೆಗಳ ಪಕ್ಕದ ಚಿಕ್ಕಮ್ಮನ ಬಾಡಿಗೆ ಟವೆಲ್ ಅಂಗಡಿಯೋ ಎಂಬುದು ಡಾರ್ದೊನ ನಾಲಿಗೆಯ ಮೇಲಿತ್ತು. ಏನಾದರೊಂದು ಮಾಡಿ ತೋರಿಸಲೇಬೇಕೆಂದು ಅವಳು ಹಟ ಹಿಡಿದಿದ್ದಳು.

ಹೊಗಳಿಕೆ ಮಾತ್ರ ಬರಲಿಲ್ಲ. ಡಾರ್ದೊ ಕೈಯಲ್ಲಿದ್ದ ಬುರುಡೆಯನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿದ. ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಬರುತ್ತಿದ್ದ ಸಹೋದ್ಯೋಗಿ ಲೀಬರ್ ಅರ್ಧದಲ್ಲೇ ನಿಂತು, ಕುರ್ಚಿಯನ್ನು ಎಳೆದುಕೊಂಡೇ ಹಿಂದಕ್ಕೆ ಹೋದ. ಮೂವರೂ ಕೆಲಸಕ್ಕೆ ಕೂತರು. ಮಾಟೆ ಆರಿ ಹೋಯಿತು.

ಮಧ್ಯಾಹ್ನ ಫೋನ್ ಬಂತು. ರೋಚಾ ಊರಿನ ಕಡೆಗೆ ಹೊರಟ ಬಸ್ಸಿನ ಚಾಲಕ.

“ಹದಿನಾಲ್ಕನೇ ಸೀಟಲ್ಲಿ ಇಬ್ಬರು ಕೂತಿದಾರೆ ಮಾರಾಯಾ! ಆ ಹೆಂಗಸಿನ ಮಡಿಲಲ್ಲಿ ಹುಟ್ಟುಹಬ್ಬದ ಕೇಕು. ಆ ಗಂಡಸಿನ ಮಡಿಲಲ್ಲಿ ಕಾರ್ನಿವಲ್ ಡೋಲು. ಇಬ್ಬರ ಹತ್ರಾನೂ ಟಿಕೆಟ್ ಇದೆ, ಇಬ್ಬರೂ ಏಳಲ್ಲ. ನಾನು ಬಸ್ ಬಿಡಲೋ, ಪೊಲೀಸ್ ಕರೀಲೋ?”

ಡಾರ್ದೊ ಫೋನಿಗೆ ಅಂಗೈ ಮುಚ್ಚಿ ನಿಬಿಯಾಳ ಕಡೆ ತಿರುಗಿದ. “ಏನೇನು ಕಿತ್ತುಹಾಕಿದೆಯಮ್ಮಾ ತಾಯಿ?”

“ನಾನು ತೆಗೆದದ್ದಕ್ಕೂ ಸೀಟಿಗೂ ಸಂಬಂಧವೇ ಇಲ್ಲ!”

“ನಿನ್ನೆವರೆಗೆ ಸರಿಯಿತ್ತು. ಇವತ್ತು ನೀನು ಕೈಯಿಟ್ಟೆ.”

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹಲ್ಲು ಕಚ್ಚಿ ಸಾಲು ಸಾಲಾಗಿ ಹುಡುಕಿದಳು. ಸಿಕ್ಕಿತು. ಟಿಕೆಟ್ ಕೌಂಟರಿನ ಪರದೆ ಡಾರ್ದೊ ಬರೆದದ್ದು. ಅದು ಸೀಟುಗಳನ್ನು ಬಾಗಿಲ ಕಡೆಯಿಂದ ಎಣಿಸುತ್ತಿತ್ತು. ಜಾಲತಾಣದ ಪುಟ ಲೀಬರ್‌ನದು; ಅದು ಅವತ್ತು ಬೆಳಿಗ್ಗೆಯಿಂದಷ್ಟೇ ಚಾಲಕನ ಕಡೆಯಿಂದ ಎಣಿಸುತ್ತಿತ್ತು. ಎರಡು ಬೇರೆ ಸೀಟುಗಳಿಗೆ ಒಂದೇ ನಂಬರು ಬಿದ್ದಿತ್ತು.

“ಎಣಿಕೆ ಬದಲಾಯಿಸಿದವನು ನನಗೊಂದು ಮಾತು ಹೇಳ್ಬಾರದೇನೋ?” ಡಾರ್ದೊ ಗುಡುಗಿದ.

“ಹೇಳೋಕೇ ತಾನೇ ಕುರ್ಚಿ ಎಳ್ಕೊಂಡು ಬಂದದ್ದು!” ಲೀಬರ್ ಕೂಡ ಬಿಡಲಿಲ್ಲ. “ಅಷ್ಟರಲ್ಲಿ ಆ ಹಾಳು ಬಿಲ್ಡ್ ಮುಗಿದೇಹೋಯ್ತು.”

“ಕೂತ ಜಾಗದಿಂದಲೇ ಹೇಳ್ಬಹುದಿತ್ತಲ್ಲ?” ಎಂದಳು ನಿಬಿಯಾ.

ಇಬ್ಬರೂ ಅವಳನ್ನು ಪಿಳಿಪಿಳಿ ನೋಡಿದರು.

“ಮಾಟೆ ಇಲ್ದೇನಾ?” ಎಂದ ಲೀಬರ್.

ನಿಬಿಯಾಗೆ ಆಗ ಹೊಳೆಯಿತು. ಈ ಕಚೇರಿಯಲ್ಲಿ ಸಭೆ ಎಂಬುದು ಇರಲೇ ಇಲ್ಲ. ಬಿಲ್ಡ್ ಶುರುವಾದರೆ ಯಂತ್ರ ಬೇರೇನೂ ಮಾಡಗೊಡುತ್ತಿರಲಿಲ್ಲ. ಎಲ್ಲರೂ ಡಾರ್ದೊನ ಫ್ಲಾಸ್ಕಿನ ಸುತ್ತ ಕೂರುತ್ತಿದ್ದರು. ಬುರುಡೆ ಒಂದು, ಕೊಳವೆ ಒಂದು. ಒಬ್ಬನ ಬಾಯಿ ಕೊಳವೆಯಲ್ಲಿದ್ದರೆ ಇನ್ನೊಬ್ಬ ಮಾತಾಡಲೇಬೇಕು, ಕುಡಿಯುವವನು ಕೇಳಲೇಬೇಕು. ಫುಟ್‌ಬಾಲಿನಿಂದ ಶುರುವಾದದ್ದು ಅತ್ತೆಯ ಮೊಣಕಾಲು ನೋವಿಗೆ ಬಂದು, ಅಲ್ಲಿಂದ ಹೇಗೋ ಬಸ್ಸಿನ ಸೀಟಿಗೆ ಬರುತ್ತಿತ್ತು. ಅವಳು ಬೇಡವೆಂದು ತೆಗೆದದ್ದು ಅದನ್ನೇ.

ಎಣಿಕೆಯನ್ನು ಒಂದು ಮಾಡಿದ್ದಾಯಿತು. ಬಸ್ಸೂ ಹೊರಟಿತಂತೆ. ಕೇಕು ಏನಾಯಿತೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸಂಜೆ, ಕೆಲಸ ಹೇಗೂ ಹೋಯಿತು, ಇದ್ದದ್ದನ್ನು ಇದ್ದಂತೆ ಬಿಟ್ಟು ಹೋಗೋಣವೆಂದು, ನಿಬಿಯಾ ತೆಗೆದ ಹೆಸರುಗಳನ್ನೆಲ್ಲ ಕಡತಕ್ಕೆ ವಾಪಸ್ ಬರೆದಳು. ಚಾಟ್, ವಿಡಿಯೊ, ಅರಬ್ಬಿ ಲಿಪಿ, ಎಲ್ಲ. ಒಳ್ಳೆಯ ಕೆಲಸವನ್ನು ತನ್ನ ಕೈಯಾರೆ ಕೆಡಿಸಿ ಗುಂಡಿ ಒತ್ತಿದಳು. ಯಂತ್ರ ನರಳುತ್ತ ಬಿಲ್ಡ್ ಶುರುಮಾಡಿತು.

ಕುರ್ಚಿಗಳನ್ನು ಎಳೆದ ಸದ್ದು. ಡಾರ್ದೊ ಹೊಸ ಸೊಪ್ಪು ಹಾಕಿ ಮೊದಲ ಕಹಿಯನ್ನು ಪದ್ಧತಿಯಂತೆ ತಾನೇ ಕುಡಿದು, ಮತ್ತೆ ತುಂಬಿಸಿ ಬುರುಡೆಯನ್ನು ಅವಳ ಕೈಗೆ ಕೊಟ್ಟ. ಅವಳು ಕುಡಿಯದೆ ಹಿಡಿದೇ ಇದ್ದಳು.

“ನನ್ನ ವಿಷಯ ಏನು ಮಾಡಿದೆ ಡಾರ್ದೊ?”

ಡಾರ್ದೊ ಗಡ್ಡ ಕೆರೆದುಕೊಂಡ. “ಆ ಲೈಬ್ರರಿಯಲ್ಲಿ ನಾವು ಹಾಕದೆ ಬಿಟ್ಟದ್ದು ಇನ್ನೇನಾದ್ರೂ ಇದೆಯೇನೇ?”

“ಹೊಸ ಆವೃತ್ತಿಯಲ್ಲಿ ಮೂರು ಬಂದಿವೆ. ಆದರೆ ಅವು ನಮಗೆ ಯಾವ ಕೆಲಸಕ್ಕೂ ಬರಲ್ಲ.”

“ಸೋಮವಾರ ಬಂದವಳೇ ಅವನ್ನೂ ಹಾಕು,” ಎಂದ ಡಾರ್ದೊ. “ನಾನು ತಿನ್ನೋಕೆ ಏನಾದ್ರೂ ತರ್ತೀನಿ.”